ಮಾತಿಲ್ಲದ ಆಟಕ್ಕೊಂದು ಮೈಕು

"ಮಾತಾಡಿ ಆಂಟಿ. ಏನಾದ್ರೂ ಮಾತಾಡಿ," ಎಂದಳು ಅನ್ವಿತಾ.

ಚಂದ್ರಾವತಿ ಮೇಜಿನಡಿ ಮಂಡಿಯೂರಿ ಕೂತು ಕಂಪ್ಯೂಟರಿನ ಬೆನ್ನು ನೋಡುತ್ತಿದ್ದಳು. ಇಂಟರ್ನೆಟ್ ತಂತಿ ಸಿಕ್ಕಿಸಿದ ತೂತಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪ. ಅದು ಆರಿತ್ತು.

"ಎಂತ ಮಾತಾಡುವುದು ಮಾರಾಯ್ತಿ? ನನ್ನ ಮೊಣಕಾಲು ಹೋಯ್ತು ಇಲ್ಲಿ."

ದೀಪ ಪಟಪಟನೆ ಮಿಣುಕಿತು. ಆಕೆ ಬಾಯಿ ಮುಚ್ಚಿದ ಕೂಡಲೇ ಆರಿತು.

ಚಂದ್ರಾವತಿ ಇನ್ನಷ್ಟು ಬಗ್ಗಿದಳು. "ಬೇಳೆ ಸಾರು," ಎಂದಳು. ಮಿಣುಕಿತು. ಉಸಿರು ಬಿಗಿಹಿಡಿದಳು. ಆರಿತು. "ಇಂದಿರಮ್ಮ," ಎಂದಳು, ಈ ಸಲ ಪಿಸುದನಿಯಲ್ಲಿ.

ಆ ಪಿಸುಮಾತಿಗೂ ದೀಪ ಕಣ್ಣು ಹೊಡೆಯಿತು.

ಆಕೆ ಮೇಜಿನ ಅಂಚು ಹಿಡಿದು ಎದ್ದಳು. ಪರದೆಯ ಮೇಲೆ ನೀಲಿ ಕೊಳ, ಕೊಳದಲ್ಲಿ ಕಿರೀಟ ತೊಟ್ಟ ರೋಹು ಮೀನು. ಆಟದ ಹೆಸರು 'ಮಾಛ್ ರಾಜಾ', ಮೀನಿನ ರಾಜ. ಮಕ್ಕಳ ಮಾಸಪತ್ರಿಕೆಯೊಂದರ ಜೊತೆ ಇದರ ಸಿ.ಡಿ. ಪುಕ್ಕಟೆ. ಸಿ.ಡಿ. ಜೊತೆ ಹಳದಿ ಹೆಡ್‌ಫೋನೂ ಪುಕ್ಕಟೆ. ಹೆಡ್‌ಫೋನಿನಿಂದ ಬಾಯಿಯವರೆಗೆ ಚಾಚಿದ ಮೈಕಿನ ಕಡ್ಡಿ. ಆದರೆ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿತ್ತು: ಉಚಿತ ಆವೃತ್ತಿಯಲ್ಲಿ ಆಟಗಾರರು ಪರಸ್ಪರ ಮಾತಾಡುವ ಸೌಲಭ್ಯ ಇರುವುದಿಲ್ಲ.

ಮಾತಿಲ್ಲದ ಆಟಕ್ಕೆ ಮೈಕು ಯಾಕೆ? ಕೋಲ್ಕತ್ತದ ಬೆಹಾಲಾದಲ್ಲಿ, ಇಂದಿರಮ್ಮನವರ ಫ್ಲ್ಯಾಟಿನಲ್ಲಿ ಹಳದಿ ಹೆಡ್‌ಫೋನನ್ನು ಮೊದಲು ಕಂಡಾಗಲೇ ಈ ಪ್ರಶ್ನೆ ಚಂದ್ರಾವತಿಯ ತಲೆಯಲ್ಲಿ ಮುಳ್ಳಾಗಿ ಕೂತಿತ್ತು.

ಆ ಫ್ಲ್ಯಾಟಿನಲ್ಲಿ, ಮಟಮಟ ಮಧ್ಯಾಹ್ನ, ಇಂದಿರಮ್ಮನವರ ತಲೆಗೆ ಪೆಟ್ಟು ಬಿದ್ದಿತ್ತು. ಪ್ರಜ್ಞೆ ಬಾರದೆಯೇ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಹಗಲುಗಳ್ಳರ ಕೆಲಸ ಎಂದರು ಪೊಲೀಸರು. ಆದರೆ ಯಾವ ಕಳ್ಳ ಬೀರುವನ್ನು ಮುಟ್ಟದೆ ನೇರವಾಗಿ ಅಡುಗೆಮನೆಗೆ ಹೋಗಿ ಇಡ್ಲಿ ಅಕ್ಕಿಯ ಡಬ್ಬಕ್ಕೆ ಕೈ ಹಾಕುತ್ತಾನೆ? ಅಕ್ಕಿಯೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಡವೆ ಇತ್ತು. ಅದು ಗೊತ್ತಿದ್ದದ್ದು ಅಜ್ಜಿಗೆ. ಮತ್ತೆ ಅಂದು ಬೆಳಿಗ್ಗೆ ಆಟದ ಮುಂದೆ ಕೂತಿದ್ದ ಮೊಮ್ಮಗಳು ಪೂರ್ವಿಗೆ, ಅಜ್ಜಿಯೇ ಕಿವಿಯಲ್ಲಿ ಹೇಳಿದ್ದರಿಂದ. "ನನಗೇ ಗೊತ್ತಿರಲಿಲ್ಲ ಮೇಡಂ," ಎಂದಿದ್ದ ಇಂದಿರಮ್ಮನವರ ಮಗ ಮಾದಪ್ಪ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ. ಹೆಂಡತಿಗೆ ಖರಗ್‌ಪುರದಲ್ಲಿ ರೈಲ್ವೆ ಕೆಲಸ, ಮನೆಗೆ ಬರುವುದು ವಾರದ ಕೊನೆಗೆ. ಪೊಲೀಸರ ಮೇಲೆ ನಂಬಿಕೆ ಇಲ್ಲವೆಂದು ಹೆಂಡತಿ ಹಟ ಹಿಡಿದ ಮೇಲೆ, ಖಾಸಗಿ ಪತ್ತೇದಾರಿಕೆ ಮಾಡುವ ಚಂದ್ರಾವತಿಯನ್ನು ಹುಡುಕಿಕೊಂಡು ಬಂದವನು ಅವನೇ.

ಪೂರ್ವಿ ಆಟವನ್ನು ಹಾಗೆಯೇ ಬಿಟ್ಟು, ಕೇರಿಯ ದುರ್ಗಾಪೂಜೆಯ ನೃತ್ಯದ ಅಭ್ಯಾಸಕ್ಕೆಂದು ಕೆಳಗಿಳಿದು ಹೋಗಿದ್ದಳು. ಹಿಂದಿರುಗುವಾಗ ಮನೆಯ ಮುಂದೆ ಜನ ಸೇರಿದ್ದರು.

ಅಜ್ಜಿ ಹೇಳಿದ ಒಡವೆಯ ಗುಟ್ಟನ್ನಷ್ಟೇ ಬಾಯಿಬಿಟ್ಟ ಆ ಮಗು ಆವತ್ತಿನಿಂದ ಸರಿಯಾಗಿ ಮಾತಾಡಿಲ್ಲ. ಇಂದು ಸೆಕ್ಟರ್ ಫೈವಿನಲ್ಲಿ, ಆಟ ತಯಾರಿಸಿದ ಈ ಲಾಟ್ಟು ಸ್ಟುಡಿಯೋಗೆ ಬಂದು ತನ್ನ ಗುಪ್ತಪದ ಒತ್ತಿ ಆಟ ತೆರೆದುಕೊಟ್ಟಿದ್ದಷ್ಟೇ. ಆಮೇಲೆ ಅವಳನ್ನು ಹೊರಗೆ ರಿಸೆಪ್ಶನ್ನಿನ ಸೋಫಾದಲ್ಲಿ ಅಪ್ಪನ ಪಕ್ಕ ಕೂರಿಸಿ ಬಂದಿದ್ದರು. ಆಟ ಆಡಿ ನೋಡಿ ಅಭಿಪ್ರಾಯ ಹೇಳಲು ಬಂದ ಮಗು, ಜೊತೆಗೆ ಮನೆಯವರು ಎಂದು ಕಾವಲಿನವನಿಗೆ ಸುಳ್ಳು ಹೇಳಿ ಒಳಗೆ ಬಿಡಿಸಿದವಳು ಅನ್ವಿತಾ. ಈ ಕಂಪನಿಯ ಪ್ರೋಗ್ರಾಮರ್. ಚಂದ್ರಾವತಿಯ ಹಳೆಯ ಸಹೋದ್ಯೋಗಿ, ಮಂಗಳೂರು ಕಡೆಯ ಬ್ಯಾಂಕ್ ಅಧಿಕಾರಿಯ ಮಗಳು, ಹುಟ್ಟಿ ಬೆಳೆದದ್ದೆಲ್ಲ ಕೋಲ್ಕತ್ತ.

"ಈಗ ನನಗೆ ಅರ್ಥ ಆಗುವ ಹಾಗೆ ಹೇಳು," ಎಂದಳು ಚಂದ್ರಾವತಿ. "ನಾನು ಬ್ಯಾಂಕಿನ ವಿಜಿಲೆನ್ಸಿನಲ್ಲಿ ಕೂದಲು ಬಿಳಿ ಮಾಡಿಕೊಂಡವಳು. ಕಳ್ಳರು ಗೊತ್ತು, ಕಂಪ್ಯೂಟರ್ ಗೊತ್ತಿಲ್ಲ."

ಅನ್ವಿತಾ ಕುರ್ಚಿ ಹತ್ತಿರ ಎಳೆದುಕೊಂಡಳು. "ಜೋನಾಕಿ ಅಂತ ಒಂದು ಎಂಜಿನ್ ಉಂಟು ಆಂಟಿ. ಆಟದ ಒಳಗಿನ ಪ್ರೋಗ್ರಾಮ್. ಪಿಕ್ಚರ್ ತೋರಿಸೋದು, ಸೌಂಡ್ ಮಾಡೋದು ಎಲ್ಲ ಅದೇ. ಅದು ಯಾರ ಸ್ವಂತದ್ದೂ ಅಲ್ಲ, ಓಪನ್. ಯಾರು ಬೇಕಾದ್ರೂ ಓದ್ಬಹುದು, ರಿಪೇರಿ ಮಾಡ್ಬಹುದು. ಅದರ ಕಾಪಿ ತಗೊಂಡು ನಮ್ಮ ಕಂಪನಿ ಮಾಛ್ ರಾಜಾ ಮಾಡಿದ್ದು."

"ಸಮ. ಮುಂದೆ?"

"ಸಿ.ಡಿ. ಮಾಡೋ ಮೊದಲು ಬಿಲ್ಡ್ ಅಂತ ಮಾಡ್ತೇವೆ. ಆಗ ಎಂಜಿನ್ನಿಗೆ ಹೇಳ್ಬೇಕು, ಯಾವ ಪಾರ್ಟ್ ಬೇಕು, ಯಾವುದು ಬೇಡ ಅಂತ. ಒಂದೊಂದಕ್ಕೂ ಒಂದೊಂದು ಆಪ್ಶನ್. ಯೆಸ್ ಅಥವಾ ನೋ. ಎಷ್ಟೋ ವರ್ಷದಿಂದ ಎಲ್ರೂ ಸೇರಿಸ್ತಾ ಹೋದ್ರು, ಯಾರೂ ತೆಗೀಲಿಲ್ಲ. ಸೌಂಡಿಗೇ ಮೂರು ಆಪ್ಶನ್. ಒಂದೇ ಕೆಲಸಕ್ಕೆ ಎರಡು ಹೆಸರು. ಈಗ ಯಾರ ಮನೆಯಲ್ಲೂ ಇಲ್ಲದ ಹಳೇ ಮೆಶಿನ್‌ಗಳಿಗೂ ಒಂದೊಂದು. ಹೊಸಬರು ನೋಡಿದ್ರೆ ತಲೆ ಕೆಡ್ತದೆ. ಅದನ್ನೆಲ್ಲ ಸಿಂಪಲ್ ಮಾಡ್ತೇನೆ ಅಂತ ನಾನು ಹೊರಟದ್ದು. ಬೇಡದ್ದು ತೆಗೆದು, ಒಂದೇ ಥರದ್ದನ್ನು ಸೇರಿಸಿ, ಜೋನಾಕಿಯವರಿಗೆ ಕಳಿಸೋಣ ಅಂತ."

ಅವಳ ದನಿ ತಗ್ಗಿತು. "ಆಗ ನಮ್ಮ ಕಾಪಿಯಲ್ಲಿ ಒಂದು ಸಿಕ್ತು. ಹೆಲ್ಪ್‌ಲೈನ್ ಅಂತ ಹೆಸರು. ಒರಿಜಿನಲ್ ಜೋನಾಕಿಯಲ್ಲಿ ಅದು ಇಲ್ಲವೇ ಇಲ್ಲ. ಕೇಳಲಿಕ್ಕೆ ಒಳ್ಳೆ ಹೆಸರು, ಅಲ್ವಾ? ಯಾರೂ ಮುಟ್ಟುವುದಿಲ್ಲ. ನಾನು ಮಾತಿನ ಆಪ್ಶನ್ನಿಗೆ ನೋ ಕೊಟ್ಟೆ. ಆದ್ರೂ ಈ ಹೆಲ್ಪ್‌ಲೈನ್ ಯೆಸ್ ಇದ್ರೆ ಮೈಕಿನ ಪಾರ್ಟ್ ಒಳಗೆ ಬಂದೇ ಬರ್ತದೆ. ಸದ್ದಾದಾಗ ರೆಕಾರ್ಡ್ ಮಾಡಿ ಇಲ್ಲಿಗೆ ಕಳಿಸ್ತದೆ. ಸದ್ದಿಲ್ಲದಾಗ ಸುಮ್ಮನಿರ್ತದೆ."

"ನೀನು ಅದನ್ನು ತೆಗೆದೆ."

"ತೆಗೆದೆ. ಮಾರನೇ ದಿನ ಬಂದು ನೋಡಿದ್ರೆ ಮತ್ತೆ ಉಂಟು! ಮತ್ತೆ ತೆಗೆದೆ. ಮತ್ತೆ ಬಂತು. ಹಾಕಿದವರ ಹೆಸರಿನ ಜಾಗದಲ್ಲಿ ಬರೀ 'ಅಡ್ಮಿನ್' ಅಂತ. ಆ ಪಾಸ್‌ವರ್ಡ್ ಇರೋದು ಇಬ್ಬರ ಹತ್ರ. ಬಿಲ್ಡ್ ನೋಡಿಕೊಳ್ಳೋ ಸುಬ್ರಹ್ಮಣ್ಯ ಸರ್, ಮತ್ತೆ ನಮ್ಮ ಡೈರೆಕ್ಟರ್ ರಂಗನಾಥ್ ಸರ್."

ಇಷ್ಟು ನಿನ್ನೆಯೇ ಫೋನಿನಲ್ಲಿ ತುಂಡು ತುಂಡಾಗಿ ಕೇಳಿದ್ದ ಚಂದ್ರಾವತಿ ಒಂದು ಬಲೆ ಹೂಡಿದ್ದಳು. ಅವಳು ಹೇಳಿಕೊಟ್ಟಂತೆ ಅನ್ವಿತಾ ಹೆಲ್ಪ್‌ಲೈನನ್ನು ಅಳಿಸಿ, ಅದರ ಜಾಗದಲ್ಲಿ ಎರಡು ಹೊಸ ಹೆಸರು ಇಟ್ಟಳು. ಎರಡಕ್ಕೂ ನೋ. 'ಆಪ್ಶನ್‌ಗಳನ್ನು ಸರಳ ಮಾಡುತ್ತಿದ್ದೇನೆ, ಹೆಲ್ಪ್‌ಲೈನಿಗೆ ಇನ್ನು ಮುಂದೆ ತಿಮಿಂಗಿಲ ಎಂದು ಹೆಸರು' ಎಂದು ಸುಬ್ರಹ್ಮಣ್ಯನಿಗೆ ಮೇಲ್ ಹೋಯಿತು. ಅದೇ ಮೇಲ್ ರಂಗನಾಥನಿಗೂ ಹೋಯಿತು, ಆದರೆ ಅದರಲ್ಲಿ ತಿಮಿಂಗಿಲದ ಬದಲು ಬುಗುರಿ ಎಂದಿತ್ತು. ಯಾರಿಗೆ ಮೈಕು ಬೇಕೋ ಅವನು ತನಗೆ ಗೊತ್ತಿರುವ ಹೆಸರನ್ನೇ ಹುಡುಕಿ ಯೆಸ್ ಮಾಡುತ್ತಾನೆ.

"ಬೆಳಿಗ್ಗೆ ಬಂದು ನೋಡಿದಿಯಲ್ಲ. ಯಾವುದು ಎದ್ದಿತ್ತು?"

"ಬುಗುರಿ," ಎಂದಳು ಅನ್ವಿತಾ. "ತಿಮಿಂಗಿಲವನ್ನು ಯಾರೂ ಮುಟ್ಟಿಲ್ಲ. ಆಂಟಿ, ಇದರಲ್ಲಿ ಅರ್ಧ ನಾನು ಮಾಡಿದ ಆಟ. ಆ ಮೀನಿಗೆ ಕಿರೀಟ ಇಟ್ಟದ್ದೂ ನಾನೇ. ಮೈಯೆಲ್ಲ ಗಲೀಜಾದ ಹಾಗೆ ಆಗ್ತಿದೆ."

"ಮೈ ತೊಳೆದುಕೊಳ್ಳುವುದು ಆಮೇಲೆ," ಎಂದಳು ಚಂದ್ರಾವತಿ, ಸೆರಗು ಕೊಡವಿಕೊಂಡು. "ನೀನು ಹೋಗಿ ಮಗುವಿನ ಹತ್ರ ಕೂತುಕೋ. ನಿನ್ನ ಡೈರೆಕ್ಟರನ್ನು ನಾನು ನೋಡಿ ಬರ್ತೇನೆ."

ರಂಗನಾಥನ ಕೋಣೆಯಲ್ಲಿ ಮಲ್ಲಿಗೆಯ ಸ್ಪ್ರೇ ಹೊಡೆದಿದ್ದರು. ಅದರ ಅಡಿಯಿಂದ ಕರಿದ ಮೀನಿನ ವಾಸನೆ ಏಳುತ್ತಿತ್ತು. ಎರಡೂ ಸೇರಿ ಗಂಟಲಿಗೆ ಅಂಟಿಕೊಳ್ಳುವಂತಿತ್ತು. ಗೋಡೆಯುದ್ದಕ್ಕೂ ನಗುವ ಮಕ್ಕಳ ಚಿತ್ರ. ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು, ಮಗುವಿನ ನಗುವೇ ನಮ್ಮ ಲಾಭವೆಂದು.

ಆತ ಎದ್ದು ನಿಂತು ಕೈ ಮುಗಿದ. ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ. ಮುಂದಿದ್ದ ತಟ್ಟೆಯಲ್ಲಿ ಅರ್ಧ ತಿಂದ ಫಿಶ್ ಫ್ರೈ.

"ಬನ್ನಿ ಬನ್ನಿ! ನಮ್ಮೋರು ಯಾರೋ ಬಂದಿದಾರೆ ಅಂದ್ರು. ಈ ಊರಲ್ಲಿ ಕನ್ನಡ ಮಾತಾಡೋಕೆ ಬಾಯಿ ಕಡೀತಿರುತ್ತೆ ಮೇಡಂ. ಯಾವೂರು ನಿಮ್ದು?"

"ಉಡುಪಿ ಬದಿ."

"ನಂದು ಮೈಸೂರು. ಕೂತ್ಕೊಳಿ, ಸಂದೇಶ್ ತಗೊಳಿ, ಈ ಊರಿನ ಸ್ವೀಟು. ಚಳಿಗಾಲದಲ್ಲಿ ಬಂದಿದ್ರೆ ಹೊಸ ಬೆಲ್ಲದ್ದು ಕೊಡ್ತಿದ್ದೆ, ಆದ್ರೂ ಇದೂ ಪರವಾಗಿಲ್ಲ." ಎಣ್ಣೆ ಬೆರಳಿನಲ್ಲೇ ಪೆಟ್ಟಿಗೆಯನ್ನು ಅವಳತ್ತ ತಳ್ಳಿದ.

"ಬೇಡ. ನಿಮ್ಮ ಬುಗುರಿ ಚೆನ್ನಾಗಿ ತಿರುಗ್ತಾ ಉಂಟಾ?"

ಬೆರಳು ಪೆಟ್ಟಿಗೆಯ ಮೇಲೆಯೇ ನಿಂತಿತು. ನಗು ಮಾತ್ರ ಮುಖದಿಂದ ಇಳಿಯಲಿಲ್ಲ.

"ಯಾವ ಬುಗುರಿ?"

"ರಾತ್ರಿ ನೀವು ಯೆಸ್ ಮಾಡಿದ ಬುಗುರಿ. ಆ ಹೆಸರು ಹೋದದ್ದು ನಿಮ್ಮೊಬ್ಬರಿಗೆ. ಸುಬ್ರಹ್ಮಣ್ಯನಿಗೆ ಬೇರೆ ಹೆಸರು ಹೋಗಿತ್ತು."

ರಂಗನಾಥ ನಿಧಾನವಾಗಿ ಕೂತ. ಬಾಟಲಿಯಿಂದ ಅಂಗೈಗೆ ಏನೋ ಹಾಕಿಕೊಂಡು ಎರಡೂ ಕೈ ಉಜ್ಜಿಕೊಂಡ. ಆಸ್ಪತ್ರೆಯ ವಾಸನೆಯೂ ಬಂದು ಕೋಣೆಗೆ ಸೇರಿತು.

"ನೋಡಿ, ನೀವು ಹಿರಿಯರು. ಇದೆಲ್ಲ ತುಂಬ ಟೆಕ್ನಿಕಲ್ ವಿಷಯ. ಯಾರೋ ಹುಡುಗಿ ಏನೋ ತಲೆ ತುಂಬಿದಾಳೆ. ನೀವು ಪೊಲೀಸ್ ಹತ್ರ ಹೋದ್ರೂ ಅವರಿಗೆ ಒಂದಕ್ಷರ ಅರ್ಥ ಆಗಲ್ಲ."

"ಅರ್ಥ ಆಗುವುದೇ ಬೇಡ. ನಿಮ್ಮ ಸಿ.ಡಿ. ಇರುವ ಮನೆಗೆ ಕಾನ್‌ಸ್ಟೇಬಲನ್ನು ಕರಕೊಂಡು ಹೋಗಿ ಮೇಜಿನಡಿ ಕೂರಿಸ್ತೇನೆ. 'ಬೇಳೆ ಸಾರು' ಅಂದ್ರೆ ದೀಪ ಮಿಣುಕ್ತದೆ. ಬಾಯಿ ಮುಚ್ಚಿದ್ರೆ ಆರ್ತದೆ. ಅವನ ಹೆಂಡತಿ ಮಕ್ಕಳಿಗೂ ಅರ್ಥ ಆಗ್ತದೆ."

ನಗು ಇಳಿಯಿತು. ಆತ ಬಾಗಿಲಿನತ್ತ ನೋಡಿದ, ಅದು ಮುಚ್ಚಿಯೇ ಇದೆಯೆಂದು ಖಾತ್ರಿ ಮಾಡಿಕೊಂಡು ಮುಂದೆ ಬಾಗಿದ. ಮಾತು ಈಗ ಆಪ್ತವಾಯಿತು. ಸಂಸಾರದ ಗುಟ್ಟು ಹೇಳುವವರ ದನಿ. ಮೊದಲಿನ ಉಪಚಾರಕ್ಕಿಂತ ಇದು ಚಂದ್ರಾವತಿಗೆ ಹೆಚ್ಚು ಹೇಸಿಗೆ ಹುಟ್ಟಿಸಿತು.

"ಕಳ್ಳತನ ಅಲ್ಲ ಮೇಡಂ. ಮಾರ್ಕೆಟ್ ರಿಸರ್ಚ್. ಬಿಸ್ಕತ್ತು, ನೂಡಲ್ಸು, ಚಾಕೊಲೇಟು ಮಾಡೋರಿಗೆ ಮಕ್ಕಳ ಮನಸ್ಸಲ್ಲಿ ಏನಿದೆ ಅಂತ ಬೇಕು. ಸ್ಕೂಲಲ್ಲಿ ನಿಲ್ಲಿಸಿ ಕೇಳಿದ್ರೆ ಟೀಚರ್ ಮುಂದೆ ಎಲ್ಲಾ ಹಾಲು ಇಷ್ಟ ಅಂತಾರೆ. ಮನೇಲಿ ಅಮ್ಮನ ಹತ್ರ ಏನಕ್ಕೆ ಹಟ ಮಾಡಿ ಅಳ್ತಾರಲ್ಲ, ಅದು ನಿಜ. ಅಂಥ ಪ್ಯೂರ್ ಸ್ಯಾಂಪಲ್ ಬೇರೆಲ್ಲೂ ಸಿಗಲ್ಲ."

"ಸ್ಯಾಂಪಲ್," ಎಂದಳು ಚಂದ್ರಾವತಿ.

"ಹೆಸರು, ವಿಳಾಸ ಯಾವುದನ್ನೂ ಅವರಿಗೆ ಕೊಡಲ್ಲ. ಬರೀ ಮಾತು."

"ಮಕ್ಕಳ ಮಾತು ಮಾತ್ರವಾ? ಆ ಮೈಕಿಗೆ ಮಗು ಯಾವುದು, ದೊಡ್ಡವರು ಯಾವುದು ಅಂತ ಗೊತ್ತುಂಟಾ? ಗಂಡ ಹೆಂಡತಿ ಜಗಳ, ಯಾರದೋ ಕಾಯಿಲೆ, ಯಾರದೋ ಅಳು, ಎಲ್ಲ ಬರುವುದಿಲ್ವಾ?"

"ಬರುತ್ತೆ," ಎಂದು ಒಪ್ಪಿಕೊಂಡ, ಹೆಗಲು ಕುಣಿಸಿ. "ಅದನ್ನೆಲ್ಲ ಕೇಳೋ ಹುಡುಗರು ಪಕ್ಕಕ್ಕೆ ಹಾಕ್ತಾರೆ. ಒಂದೊಂದು ಸಲ ಪ್ಯಾಂಟ್ರಿಯಲ್ಲಿ ಹಾಕ್ಕೊಂಡು ನಗ್ತಾರೆ. ಹುಡುಗ್ರು, ಏನ್ಮಾಡೋಕಾಗುತ್ತೆ."

"ಕನ್ನಡದ ಮನೆಯದ್ದು ಬಂದ್ರೆ? ಅದನ್ನು ಯಾರು ಕೇಳುವುದು?"

ಚಂದ್ರಾವತಿ ಎಣಿಸಿರದ ಒಂದು ಮೆದು ನಗೆ ಅವನ ತುಟಿಯಲ್ಲಿ ಮೂಡಿತು.

"ನಾನೇ. ಕೆಲಸ ಅಂತಲ್ಲ. ಊಟದ ಹೊತ್ತಲ್ಲಿ ಹಾಕ್ಕೋತೀನಿ. ಬೆಹಾಲಾದಲ್ಲಿ ಒಂದು ಮನೆ ಇತ್ತು. ಅಜ್ಜಿ ಮೊಮ್ಮಗಳನ್ನ ನಮ್ಮ ಕಡೆ ಮಾತಲ್ಲೇ ಬೈತಿದ್ರು. ಮಗು ಅರ್ಧ ಹಿಂದೀಲಿ ಎದುರು ಮಾತಾಡೋದು. ಅಜ್ಜಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕೋ ಸದ್ದು ಸಮೇತ ಕೇಳೋದು. ನಮ್ಮಮ್ಮನ ನೆನಪಾಗ್ತಿತ್ತು ಮೇಡಂ."

ಚಂದ್ರಾವತಿಯ ಕಣ್ಣು ಅವನ ತಟ್ಟೆಯ ಮೇಲೆ ಬಿತ್ತು. ಬಿಡಿಸಿಟ್ಟ ಮುಳ್ಳು, ಸಾಸಿವೆಯ ಚಟ್ನಿ, ನೆಕ್ಕಿದ ಚಮಚ. ಇದೇ ಮೇಜು. ಇದೇ ತಟ್ಟೆಯ ಮುಂದೆ ಕೂತು ಈ ಮನುಷ್ಯ ಇಂದಿರಮ್ಮನ ಮನೆಯನ್ನು ಉಪ್ಪಿನಕಾಯಿಯ ಹಾಗೆ ನಂಚಿಕೊಂಡು ಉಂಡಿದ್ದಾನೆ. ಬ್ಯಾಂಕಿನಲ್ಲಿ ಅವಳು ಕಂಡ ಕಳ್ಳರೆಲ್ಲ ಬರೀ ಹಣಕ್ಕೆ ಕೈ ಹಾಕಿದವರು. ಅವರನ್ನು ಹಿಡಿದ ದಿನವೂ ಅವಳಿಗೆ ಮನೆಗೆ ಹೋಗಿ ಊಟ ಸೇರಿತ್ತು.

"ಆ ಅಜ್ಜಿ ಸತ್ತರು," ಎಂದಳು. "ಗೊತ್ತುಂಟಾ?"

"ಪೇಪರಲ್ಲಿ ನೋಡಿದೆ."

"ಅಕ್ಕಿ ಡಬ್ಬದಲ್ಲಿ ಒಡವೆ ಉಂಟೆಂದು ಅವರು ಮೊಮ್ಮಗಳಿಗೆ ಹೇಳಿದ್ದು ಮನೆಯಲ್ಲಿ, ನಿಮ್ಮ ಈ ಆಟದ ಮುಂದೆ. ಅದೇ ಮಧ್ಯಾಹ್ನ ಒಬ್ಬ ಬಂದು ನೇರ ಆ ಡಬ್ಬಕ್ಕೆ ಕೈ ಹಾಕಿದ. ನಿಮ್ಮ ಕಿವಿಯಿಂದ ಆ ಮಾತು ಯಾರ ಕಿವಿಗೆ ಹೋಯ್ತು, ರಂಗನಾಥ?"

ಈಗ ಮೊದಲ ಬಾರಿ ಆತ ಹೆದರಿದ. ಹಣೆಯ ಮೇಲೆ ಎ.ಸಿ.ಯ ಚಳಿಯಲ್ಲೂ ಬೆವರು ಒಡೆಯಿತು.

"ಇಲ್ಲ! ದೇವರಾಣೆಗೂ ಇಲ್ಲ. ಅದನ್ನ ನಾನು ಕೇಳಿದ್ದೇ ಮಾರನೇ ದಿನ. ಹಿಂದಿನ ದಿನದ್ದು ಮಾರನೇ ದಿನ ಊಟದ ಹೊತ್ತಿಗೇ ನಾನು ತೆಗೆಯೋದು. ಕೊಲೆ ಕೇಸಿಗೆ ನನ್ನ ಎಳೀಬೇಡಿ. ಬಂದವನಿಗೂ ನಮಗೂ ಸಂಬಂಧ ಇಲ್ಲ."

"ಬಂದವನಿಗೂ ನಿಮಗೂ ಸಂಬಂಧ ಇಲ್ಲ ಅಂತ ನಿಮಗೆ ಹೇಗೆ ಗೊತ್ತು?"

ತಾನು ಏನು ಹೇಳಿಬಿಟ್ಟೆ ಎಂಬುದು ಅವನಿಗೆ ತಡವಾಗಿ ಹೊಳೆದಂತಿತ್ತು. ಕೊನೆಗೆ ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದ.

"ನೀವೇ ಕೇಳಿ. ಆಮೇಲೆ ನನ್ನ ಬಿಟ್ಬಿಡಿ."

ಮೊದಲು ಫ್ಯಾನಿನ ಕಿರ್‌ಕಿರ್. ದೂರದಲ್ಲಿ ಪೂಜೆಯ ಢಾಕ್ ಡೋಲಿನ ಅಭ್ಯಾಸ. ಹತ್ತಿರದಲ್ಲಿ ಪಾತ್ರೆ ತೊಳೆಯುವ ನೀರು. ನಡುನಡುವೆ ಚೂರು ಚೂರು ಸದ್ದು ಕತ್ತರಿಸಿ ಹೋಗುತ್ತಿತ್ತು. ಆಮೇಲೆ ಹಕ್ಕಿಯಂತೆ ಕೂಗುವ ಕರೆಗಂಟೆ.

"ಬಂದೆ, ಬಂದೆ," ಎಂದಿತು ಮುದುಕಿಯ ದನಿ. ಚಂದ್ರಾವತಿ ಇಂದಿರಮ್ಮನನ್ನು ಕಂಡವಳಲ್ಲ. ಫೋಟೋ ಮಾತ್ರ ನೋಡಿದ್ದಳು. ಆ ಫೋಟೋಗೆ ಈಗ ದನಿ ಬಂತು. ತೆಳ್ಳಗಿನ, ನಗುವಿನ ದನಿ.

ಚಿಲಕ ಸರಿದ ಸದ್ದು.

"ಏನೋ ಮಾದು, ಇಷ್ಟು ಹೊತ್ತಲ್ಲಿ? ಆಫೀಸಿಲ್ವಾ ಇವತ್ತು?"

ಚಂದ್ರಾವತಿ ಕುರ್ಚಿಯ ಕೈ ಹಿಡಿದುಕೊಂಡಳು.

ಗಂಡಸಿನ ದನಿ ಏನೋ ಹೇಳಿತು. ತಗ್ಗಿದ ದನಿ, ಮಾತು ಸ್ಪಷ್ಟವಿಲ್ಲ. ಚಪ್ಪಲಿ ಬಿಡದ ಹೆಜ್ಜೆ ಒಳಗೆ ಹೋಯಿತು. ಡಬ್ಬದ ಮುಚ್ಚಳ ಕಳಚಿದ ಸದ್ದು.

"ಅಕ್ಕಿ ಡಬ್ಬ ಯಾಕೋ ತೆಗೀತಿದೀಯಾ? ಅದು ಮಗೂದು ಕಣೋ. ನಿಂಗೆ ಯಾರು ಹೇಳಿದ್ದು? ಪೂರ್ವಿ ಹೇಳಿದ್ಲಾ? ಬಿಡೋ... ಮಾದು, ಬಿಡೋ ಅಂದೆ!"

ತಗಡು ನೆಲಕ್ಕೆ ಬಿತ್ತು. ಅಕ್ಕಿ ಸುರಿದ ಸದ್ದು, ದೀರ್ಘವಾಗಿ, ಮಳೆ ಬಂದಂತೆ. ಅದರ ನಡುವೆ ಒಂದು ಮೊಂಡು ಪೆಟ್ಟು. ಓಡಿದ ಹೆಜ್ಜೆ, ಬಾಗಿಲು.

ಅಲ್ಲಿಗೆ ಮುಗಿಯಿತು. ಸದ್ದಿದ್ದಾಗ ಮಾತ್ರ ಓಡುವ ಯಂತ್ರ ಅದು. ಆಮೇಲೆ ಆ ಮನೆಯಲ್ಲಿ ಸದ್ದು ಮಾಡುವವರು ಯಾರೂ ಇರಲಿಲ್ಲ.

ಕಣ್ಣು ಕೆಂಪಾಗುವಷ್ಟು ಅತ್ತು, ಚಂದ್ರಾವತಿಯ ಕೈ ಹಿಡಿದು 'ನಮ್ಮಮ್ಮನ್ನ ಕೊಂದೋನ್ನ ಹಿಡಿದುಕೊಡಿ ಮೇಡಂ' ಎಂದಿದ್ದ ಮಾದಪ್ಪ. ಹಳದಿ ಹೆಡ್‌ಫೋನನ್ನು ತಾನು ಎತ್ತಿ ನೋಡಿದಾಗ 'ಅದು ಮಗು ಆಟದ ಸಾಮಾನು, ಬಿಡಿ' ಎಂದವನೂ ಅವನೇ. ಆ ಕೈ ಹಿಡಿತ ಈಗಲೂ ಅಂಗೈಯಲ್ಲಿ ಇದ್ದಂತಾಗಿ ಅವಳು ಸೀರೆಗೆ ಕೈ ಒರೆಸಿಕೊಂಡಳು.

"ಇದನ್ನು ಮಾರನೇ ದಿನ ಕೇಳಿದಿರಿ," ಎಂದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಎನಿಸಿತು. "ಮಾರನೇ ದಿನ ಇಂದಿರಮ್ಮ ಆಸ್ಪತ್ರೆಯಲ್ಲಿ ಇನ್ನೂ ಉಸಿರಾಡ್ತಾ ಇದ್ರು. ಯಾರು ಹೊಡೆದದ್ದು ಅಂತ ಈ ಊರಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಹೊಡೆದವನು. ಇನ್ನೊಬ್ಬ ನೀವು. ಆ ಮಗು ಇಷ್ಟು ದಿನ ಅದೇ ಮನೆಯಲ್ಲಿ, ಅವನ ಕೈಯಿಂದಲೇ ಉಂಡಿದೆ."

"ಹೇಳಿದ್ರೆ ರೆಕಾರ್ಡಿಂಗ್ ಎಲ್ಲಿಂದ ಬಂತು ಅಂತ ಕೇಳ್ತಿದ್ರು ಮೇಡಂ. ಇನ್ನೂರು ಜನರ ಕೆಲಸ ಇದೆ ಇಲ್ಲಿ. ನಾನೂ ಮನುಷ್ಯ, ಎರಡು ದಿನ ಊಟ ಸೇರಲಿಲ್ಲ."

"ಆಮೇಲೆ ಸೇರಿತು. ಆ ಹುಡುಗಿ ಒಂದೊಂದು ಸಲ ತೆಗೆದಾಗಲೂ ಆ ಸ್ವಿಚ್ಚನ್ನು ಮತ್ತೆ ಹಾಕಿದಿರಿ. ಇದನ್ನು ಕೇಳಿದ ಮೇಲೂ."

ರಂಗನಾಥ ಕಣ್ಣು ತಪ್ಪಿಸಿದ. "ಪೂಜಾ ಸೀಸನ್ನು," ಎಂದು ಗೊಣಗಿದ. "ಕಂಪನಿಯವರಿಗೆ ದೀಪಾವಳಿವರೆಗೆ ಡೇಟಾ ಕೊಡ್ತೀವಿ ಅಂತ ಸೈನ್ ಆಗಿದೆ. ಅದು ಮುಗಿದ ಮೇಲೆ ತೆಗೆಯೋಣ ಅಂತಲೇ ಇದ್ದೆ."

"ಛೀ," ಎಂದಳು ಚಂದ್ರಾವತಿ.

ಆಕೆ ಎದ್ದು ಲ್ಯಾಪ್‌ಟಾಪಿನ ತಂತಿ ಕಿತ್ತು, ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಏಯ್, ಅದು ಆಫೀಸ್ ಪ್ರಾಪರ್ಟಿ!" ರಂಗನಾಥ ಮೇಜು ಸುತ್ತಿ ಬಂದು ಬಾಗಿಲಿಗೆ ಅಡ್ಡ ನಿಂತ. "ಸೆಕ್ಯೂರಿಟಿ ಕರೀತೀನಿ."

"ಕರೆಯಿರಿ. ಇಡೀ ಆಫೀಸಿನ ಮುಂದೆ ಇದನ್ನು ತೆಗೆದು ದೊಡ್ಡದಾಗಿ ಹಾಕ್ತೇನೆ. ನಿಮ್ಮ ಹುಡುಗರಿಗೆ ಕನ್ನಡ ಬರದಿದ್ರೂ ಆ ಪೆಟ್ಟಿನ ಸದ್ದು ಅರ್ಥ ಆಗ್ತದೆ."

ಆತ ಅಲ್ಲಾಡಲಿಲ್ಲ. ಚಂದ್ರಾವತಿ ಒಂದು ಹೆಜ್ಜೆ ಮುಂದಿಟ್ಟಳು. ಮಲ್ಲಿಗೆ, ಮೀನು, ಆಸ್ಪತ್ರೆ, ಎಲ್ಲ ಸೇರಿದ ಅವನ ವಾಸನೆ ಮುಖಕ್ಕೇ ಬಡಿಯಿತು. ಅವನು ಪಕ್ಕಕ್ಕೆ ಸರಿಯುವವರೆಗೂ ಅವಳು ಉಸಿರು ಬಿಗಿಹಿಡಿದೇ ನಿಂತಳು.

ಹೊರಗೆ ಸಾಲು ಸಾಲು ಹುಡುಗರು ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದರು. ಯಾರು ಯಾರ ಮನೆಯ ಮಾತು ಕೇಳುತ್ತಿದ್ದಾರೋ. ಅವಳು ಯಾರ ಮುಖವನ್ನೂ ನೋಡದೆ ಬಿರಬಿರನೆ ನಡೆದಳು. ಒಂದೇ ಯೋಚನೆ: ಮಾದಪ್ಪನಿಗೆ ಏನೂ ಗೊತ್ತಾಗದಂತೆ ಮೊದಲು ಮಗುವನ್ನು ಅವನ ಪಕ್ಕದಿಂದ ಎಬ್ಬಿಸಬೇಕು. ಐಸ್‌ಕ್ರೀಮ್ ಕೊಡಿಸುವ ನೆಪ ಸಾಕು. ಆಮೇಲೆ ಠಾಣೆಗೆ ಫೋನು.

ರಿಸೆಪ್ಶನ್ನಿನ ಸೋಫಾ ಖಾಲಿ ಇತ್ತು.

ಅನ್ವಿತಾ ಒಬ್ಬಳೇ ಕಿಟಕಿಯ ಹತ್ತಿರ ನಿಂತು ಕೆಳಗಿನ ರಸ್ತೆ ನೋಡುತ್ತಿದ್ದಳು.

"ಪೂರ್ವಿ ಎಲ್ಲಿ?"

"ಈಗಷ್ಟೇ ಹೋದ್ರಲ್ಲ ಆಂಟಿ. ಟ್ಯಾಕ್ಸಿ ಸಿಕ್ತು. ಮನೆಗೆ ಹೋಗ್ಲಿಕ್ಕೆ ನೀವೇ ಹೇಳಿದ್ದು ಅಂದ್ರು ಅವಳ ಅಪ್ಪ."

ಚಂದ್ರಾವತಿ ಕಿಟಕಿಗೆ ಧಾವಿಸಿದಳು. ಕೆಳಗೆ ಬಟಾಣಿಯ ಘುಗ್ನಿ ಮಾರುವವನ ಸುತ್ತ ಊಟಕ್ಕೆ ಇಳಿದ ನೌಕರರ ಗುಂಪು, ರಸ್ತೆಯುದ್ದಕ್ಕೂ ಕಂಪನಿಗಳ ಸುಮೋಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಟ್ಯಾಕ್ಸಿ. ಎಲ್ಲ ಒಂದೇ ಥರ.

"ಅವನ ಹತ್ರ ನೀನು ಎಂತ ಮಾತಾಡಿದ್ದು? ಸರಿಯಾಗಿ ನೆನಪು ಮಾಡಿ ಹೇಳು."

ಅನ್ವಿತಾಳ ಮುಖ ಬಿಳಿಚಿತು. "ಏನಿಲ್ಲ... ಆ ಹಸಿರು ಲೈಟಿನ ವಿಷಯ ಹೇಳಿದೆ. ಪಾಪ, ಅವರಿಗೂ ಗೊತ್ತಾಗ್ಲಿ ಅಂತ. ಮಗು ಚೇರ್‌ನಲ್ಲಿ ಇಲ್ಲದಿದ್ರೂ ಆ ಮೈಕಿಗೆ ಕೇಳಿಸ್ತದಾ ಅಂತ ಕೇಳಿದ್ರು. ಹೌದು ಅಂಕಲ್, ಬಾಗಿಲು ತೆಗೆದ ಸದ್ದೂ ಕೇಳಿಸ್ತದೆ ಅಂದೆ."

"ಆಮೇಲೆ?"

"ಸುಮ್ಮನೆ ಕೂತ್ರು. ತುಂಬ ಹೊತ್ತು. ಆಮೇಲೆ ಪೂರ್ವಿ ಹತ್ರ ಕೇಳಿದ್ರು, ಅವತ್ತು ನೀನು ಡ್ಯಾನ್ಸಿಗೆ ಅಂತ ಕೆಳಗೆ ಇಳೀವಾಗ ಮೆಟ್ಟಿಲಲ್ಲಿ ಯಾರನ್ನಾದ್ರೂ ನೋಡಿದ್ಯಾ ಪುಟ್ಟಾ ಅಂತ."

"ಮಗು ಎಂತ ಹೇಳಿತು?"

"ಏನೂ ಹೇಳ್ಲಿಲ್ಲ ಆಂಟಿ. ತಲೆ ತಗ್ಗಿಸಿ ಕೂತಳು. ಅವರು ಎದ್ದು ಬಾ ಅಂದಾಗ ಎದ್ದು ಹೋದಳು." ಅನ್ವಿತಾ ಲಿಫ್ಟಿನತ್ತ ತಿರುಗಿದಳು. "ಅವರು ಕೈ ಚಾಚಿದ್ರು. ಲಿಫ್ಟಿನವರೆಗೂ ಅವಳು ಅಪ್ಪನ ಕೈ ಮಾತ್ರ ಹಿಡೀಲೇ ಇಲ್ಲ."